ಡೇಟಾ ಎಲ್ಲ ಸೇರಿಸಿ ಆಗಿದೆ, ಈಗ ಸ್ಟ್ಯಾಟಿಸ್ಟಿಕ್ಸ್ ಸಲಹೆಗಾರರ ಹತ್ತಿರ ಹೋಗಬಹುದಾ?

ಖಂಡಿತ ಹೋಗಿ, ಈ ವಾರವೇ ಹೋಗಿ. ನಾನು ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸ ಮಾಡುತ್ತೇನೆ. ನೀವು ಗೊಬ್ಬರ ಹಾಕಿದ 15 ಗಿಡ, ಹಾಕದ 15 ಗಿಡ ಅಳೆದಿದ್ದೀರಿ, ಯಾವ ಟೆಸ್ಟ್ ಮಾಡಬೇಕು ಅಂತ ಹೇಳ್ತಾರಾ, ಅವರೇ ಮಾಡಿಕೊಡ್ತಾರಾ ಅಂತ ಕೇಳಿದ್ದೀರಿ. ಟೆಸ್ಟ್ ಹೇಳುತ್ತಾರೆ. ಆದರೆ ಅದಕ್ಕೂ ಮೊದಲು ನಿಮ್ಮನ್ನೇ ಜಾಸ್ತಿ ಪ್ರಶ್ನೆ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ನಾನಾಗಿದ್ದರೆ ಮೊದಲು ಕೇಳುವುದು, ಒಂದು ಕುಂಡದಲ್ಲಿ ಎಷ್ಟು ಗಿಡ ಇತ್ತು? ಕುಂಡಕ್ಕೆ 5 ಗಿಡ ಇದ್ದು, ಗೊಬ್ಬರವನ್ನು ಇಡೀ ಕುಂಡಕ್ಕೆ ಹಾಕಿದ್ದರೆ, ನಿಮ್ಮ ಹತ್ತಿರ ನಿಜವಾಗಿ ಇರುವುದು 6 ಕುಂಡ, ಅಂದರೆ ಆ ಕಡೆ 3, ಈ ಕಡೆ 3. ಒಂದೇ ಕುಂಡದ ಗಿಡಗಳಿಗೆ ಮಣ್ಣು, ನೀರು, ಬಿಸಿಲು ಎಲ್ಲ ಒಂದೇ ಅಲ್ವಾ, ಹಾಗಾಗಿ ಅವು ಒಂದನ್ನೊಂದು ಹೋಲುತ್ತವೆ. ಸುಮ್ನೆ 30 ಅಂತ ಲೆಕ್ಕ ಹಿಡಿದು ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವ ಪರೀಕ್ಷೆ) ಮಾಡಿದರೆ ಪಿ-ವ್ಯಾಲ್ಯೂ, ಅಂದರೆ ಗೊಬ್ಬರದಿಂದ ಏನೂ ಆಗದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ, ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಬಂದುಬಿಡುತ್ತದೆ. ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ ಅವರು 1984ರಲ್ಲಿ ಈ ತಪ್ಪನ್ನೇ ಸೂಡೋರೆಪ್ಲಿಕೇಶನ್, ಅಂದರೆ ಹುಸಿ ಪುನರಾವರ್ತನೆ, ಅಂತ ಕರೆದರು. ಒಂದೇ ತರಗತಿಯ ಮಕ್ಕಳು, ಒಂದೇ ಬಾಯಿಯ ಹಲ್ಲುಗಳು, ಎಲ್ಲ ಕಡೆ ಇದೇ ಕಥೆ. ಹಾಗಂತ ನಿಮ್ಮ ಕೆಲಸ ಹಾಳಾಗಿಲ್ಲ. ಕುಂಡದ ಸರಾಸರಿ ತೆಗೆದು ಹೋಲಿಸಬಹುದು, ಇಲ್ಲವೇ ಯಾವ ಗಿಡ ಯಾವ ಕುಂಡದ್ದು ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳುವ ಮಿಕ್ಸೆಡ್ ಮಾಡೆಲ್ ಹಾಕಬಹುದು. ಫಲಿತಾಂಶ ಅಷ್ಟು ಜೋರಾಗಿ ಕಾಣುವುದಿಲ್ಲ, ಅಷ್ಟೇ.

ಕೆಲವು ಸಲ ಏನೂ ಮಾಡಲು ಆಗುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಥೀಸಿಸ್ ಕೊಡಲು ಎರಡು ತಿಂಗಳು ಇರುವಾಗ ಬಂದರು. ಔಷಧ ಕೊಟ್ಟ ಸ್ಯಾಂಪಲ್‌ಗಳನ್ನೆಲ್ಲ ಒಂದು ದಿನ ಅಳೆದಿದ್ದರು, ಕೊಡದವನ್ನೆಲ್ಲ ಇನ್ನೊಂದು ದಿನ. ವ್ಯತ್ಯಾಸ ಔಷಧದಿಂದ ಬಂತೋ, ಆ ದಿನ ಮಷಿನ್ ಇದ್ದ ಸ್ಥಿತಿಯಿಂದ ಬಂತೋ ಅಂತ ಬಿಡಿಸಿ ಹೇಳಲು ಯಾವ ಸೂತ್ರಕ್ಕೂ ಸಾಧ್ಯವಿಲ್ಲ. ಎರಡೂ ಬಗೆಯನ್ನು ಎರಡೂ ದಿನಕ್ಕೆ ಹಂಚಿದ್ದರೆ ಸಾಕಿತ್ತು. ಶುರು ಮಾಡುವ ಮೊದಲು ಅರ್ಧ ಗಂಟೆ ಮಾತಾಡಿದ್ದರೆ ಇದು ಸಿಕ್ಕಿಬೀಳುತ್ತಿತ್ತು. ಅವರ ಮುಖ ನೆನಪಾದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಆದ್ದರಿಂದ ಮುಂದಿನ ಪ್ರಯೋಗಕ್ಕೆ ದಯವಿಟ್ಟು ಮೊದಲೇ ಹೋಗಿ. ಎರಡು ಗುಂಪುಗಳ ನಡುವೆ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು (ಅಳತೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಲೆಕ್ಕ) ವ್ಯತ್ಯಾಸ ಇದ್ದರೆ, ಅದನ್ನು 5% ಮಟ್ಟದಲ್ಲಿ (ಇಲ್ಲದ ವ್ಯತ್ಯಾಸ ಇದೆ ಅನ್ನುವ ಸಂಭವ 5%), 80% ಪವರ್‌ನೊಂದಿಗೆ (ಇರುವ ವ್ಯತ್ಯಾಸ ಸಿಗುವ ಸಂಭವ 80%) ಹಿಡಿಯಲು ಒಂದೊಂದು ಗುಂಪಿಗೂ 64 ಬೇಕು. ಅದರ ಅರ್ಧದಷ್ಟು ವ್ಯತ್ಯಾಸ ಹಿಡಿಯಲು ಸುಮಾರು 4 ಪಟ್ಟು. ಡೇಟಾ ಸೇರಿಸಿ ಆದಮೇಲೆ ಇದು ಗೊತ್ತಾಗಿ ಏನು ಪ್ರಯೋಜನ?

ಈಗ ಹೋಗುವಾಗ ಕಚ್ಚಾ ಡೇಟಾ ತಗೊಂಡು ಹೋಗಿ, ಸರಾಸರಿಗಳನ್ನಲ್ಲ. ಒಂದು ಸಾಲಿಗೆ ಒಂದು ಗಿಡ, ಕುಂಡದ ನಂಬರಿಗೆ ಬೇರೆ ಕಾಲಂ. ನಿಮಗೆ ಏನು ತಿಳಿಯಬೇಕು ಅನ್ನುವುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ.

ಮಾಡಿಕೊಡುತ್ತಾರಾ ಅಂದರೆ, ಅದು ಜಾಗದಿಂದ ಜಾಗಕ್ಕೆ ಬೇರೆ. ನಾನಂತೂ ಪಕ್ಕದಲ್ಲಿ ಕೂತು ಮಾಡಿಸುತ್ತೇನೆ, ವೈವಾದಲ್ಲಿ ಉತ್ತರ ಕೊಡಬೇಕಾದವರು ನೀವೇ ತಾನೇ. ಅವರೇ ವಿಶ್ಲೇಷಣೆಯ ದೊಡ್ಡ ಪಾಲು ಮಾಡುವುದಾದರೆ, ಪೇಪರಿನಲ್ಲಿ ಅವರ ಹೆಸರು ಹೇಗೆ ಬರಬೇಕು ಅನ್ನುವುದನ್ನು ಗೈಡ್ ಎದುರಿಗೇ ಮೊದಲ ದಿನ ಮಾತಾಡಿಕೊಳ್ಳಿ.