ಬೈಗುಳ ನೆಟ್ಟಗೆ ಬರುತ್ತೆ, ನನ್ನ ಹೆಸರು ಮಾತ್ರ ಬರಲ್ಲ

ಪ್ರಶ್ನೆ: ಮಾವನಿಗೆ ಸ್ಟ್ರೋಕ್ ಆಗಿ 4 ತಿಂಗಳು. ರಿಟೈರ್ಡ್ ಮೇಷ್ಟ್ರು. ಬಲಗಡೆ ಕೈಕಾಲು ಸ್ವಲ್ಪ ಆಡ್ತಿದೆ, ಮಾತಿಲ್ಲ. ಕಾಫಿ ಅನ್ನೋಕೂ ಆಗಲ್ಲ, ಆದ್ರೆ ಸಿಟ್ಟು ಬಂದ್ರೆ ‘ಮುಂಡೇದೇ’ ಅಂತ ನೆಟ್ಟಗೆ ಬೈತಾರೆ. ಬೇಕಂತ್ಲೇ ಮಾಡ್ತಾರೆ ಅಂತಾರೆ ಯಜಮಾನ್ರು. ಅತ್ತೆ ಅವ್ರೆದುರಿಗೇ ‘ತಲೆ ಕೆಟ್ಟಿದೆ’ ಅಂತಾರೆ. ತವರಿಗೆ ಹೋಗ್ಬಿಡ್ಲಾ ಅನ್ಸುತ್ತೆ.

ಉತ್ತರ: ಆ ಬೈಗುಳ ನಿನಗಲ್ಲಮ್ಮ. ನೀನು ಬರೆದಿದ್ದು ನೋಡಿದ್ರೆ ಇದು ಅಫೇಸಿಯಾ ಇರ್ಬೇಕು, ಅಂದ್ರೆ ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಬೇಕಾದ ಪದ ಸಿಗಲ್ಲ, ಬುದ್ಧಿ ಹೋಗಿರಲ್ಲ. ಹುಡುಕಿ ಆಡೋ ಮಾತು ಬೇರೆ, ಬಾಯಿಗೆ ರೂಢಿಯಾಗಿ ತಾನಾಗೇ ಬರೋದು ಬೇರೆ, ಬೈಗುಳ ಈ ಎರಡನೇ ಜಾತಿದು. 1861ರಲ್ಲಿ ಪ್ಯಾರಿಸ್‌ನ ಬ್ರೋಕಾ ಅನ್ನೋ ಡಾಕ್ಟ್ರು ನೋಡಿದ ಪೇಷೆಂಟೂ ಹಂಗೇ, ಏನು ಕೇಳಿದ್ರೂ ‘ಟಾನ್ ಟಾನ್’, ರೇಗಿದ್ರೆ ಮಾತ್ರ ಬೈಗುಳ. ಒಂದ್ಸಲ ನೀನೇ ‘ಎರಡೊಂದ್ಲ ಎರಡು’ ಅಂತ ಶುರು ಮಾಡಿ ನೋಡು, ಮೇಷ್ಟ್ರಲ್ವಾ, ಮಗ್ಗಿ ಮುಂದುವರಿಸಿದ್ರೂ ಮುಂದುವರಿಸ್ಬಹುದು! ಹಾಗೇ ಭಜನೆ, ವಾರದ ಹೆಸರು.

ಸ್ಲೇಟು ಕೊಟ್ಟು ಬರೀರಿ ಅಂತ ಕೂರಿಸ್ಬೇಡಿ, ಮಾತು ಸಿಗದವ್ರಿಗೆ ಸಾಮಾನ್ಯವಾಗಿ ಅಕ್ಷರವೂ ಕೈಕೊಡುತ್ತೆ, ಮೇಷ್ಟ್ರಿಗೆ ಅದಕ್ಕಿಂತ ಅವಮಾನ ಬೇಕಾ. ‘ಏನ್ ಬೇಕು ಮಾವ’ ಅನ್ನೋ ಬದಲು ಕಾಫಿ ಲೋಟ, ನೀರಿನ ಚೊಂಬು ಎರಡನ್ನೂ ಮುಂದೆ ಹಿಡಿ, ಯಾಕಂದ್ರೆ ಹೂಂ ಊಹೂಂನೂ ಕೆಲವೊಮ್ಮೆ ಅದಲುಬದಲಾಗುತ್ತೆ. ಟಿವಿ ಆಫ್ ಮಾಡಿ ಎದುರು ಕೂತು ಚಿಕ್ಕಚಿಕ್ಕದಾಗಿ ಮಾತಾಡು, ಕಿರುಚ್ಬೇಡ ಅವ್ರೇನು ಕಿವುಡರಲ್ಲ, ಆಮೇಲೆ ಕಾಯಿ. ಕಾಯೋದೇ ಕಷ್ಟ, ನಮ್ಗೆಲ್ಲ ಅವ್ರ ಮಾತು ನಾವೇ ಮುಗಿಸೋ ಚಟ.

ಫಿಸಿಯೋ ಮಾಡಿಸಿದ್ದೀರಿ ಅನ್ಸುತ್ತೆ, ಸ್ಪೀಚ್ ಥೆರಪಿ ಬಗ್ಗೆ ಕಾಗದದಲ್ಲಿ ಒಂದಕ್ಷರನೂ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕನ್ನಡದಲ್ಲೇ ಪರೀಕ್ಷೆ ಮಾಡ್ತಾರೆ, ಕೇಳಿದ್ದು ಎಷ್ಟು ಅರ್ಥ ಆಗ್ತಿದೆ ಅನ್ನೋದೂ ಗೊತ್ತಾಗುತ್ತೆ. ಮೊದಲ ತಿಂಗಳುಗಳಲ್ಲಿ ಸುಧಾರಣೆ ಜೋರು, ಆಮೇಲೂ ವರ್ಷಗಟ್ಲೆ ನಿಧಾನಕ್ಕೆ ಆಗ್ತಾನೇ ಇರುತ್ತೆ, ಆದ್ರೂ ತಡ ಮಾಡ್ಬೇಡಿ. ಯಜಮಾನ್ರೇ ಕರ್ಕೊಂಡು ಹೋಗ್ಲಿ, ‘ಬೇಕಂತ್ಲೇ’ ಅಂದಿದ್ದಕ್ಕೆ ಅಲ್ಲೇ ಉತ್ತರ ಸಿಗುತ್ತೆ. ಅತ್ತೆಗೂ ಹೇಳು, ಅವ್ರೆದುರಿಗೆ ಆಡಿದ್ದು ಅವ್ರಿಗೆ ಕೇಳ್ಸುತ್ತೆ, ತಿರುಗಿ ಉತ್ತರ ಕೊಡಕ್ಕೆ ಆಗಲ್ಲ ಅಷ್ಟೇ.

ತವರಿಗೆ? ಹೋಗು, ಎಂಟು ದಿನ. ಮುನಿಸ್ಕೊಂಡು ಅಲ್ಲ, ಸುಸ್ತಾಗಿದೆ ಅಂತ ಹೇಳಿ ಹೋಗು, ಅಪ್ಪನ ಲುಂಗಿ ಕಟ್ಟೋದನ್ನ ಮಗನೂ ಕಲೀಲಿ. ಹೊರಡೋ ಮುಂಚೆ ಕ್ಯಾಲೆಂಡರ್ ತಗೊಂಡು ಮಾವನ ಪಕ್ಕ ಕೂತು, ವಾಪಸ್ ಬರೋ ದಿನದ ಮೇಲೆ ಅವ್ರ ಬೆರಳನ್ನೇ ಇಟ್ಟು ತೋರ್ಸು.