ಕೊಲೆಗಾರ ಯಾರು ಅಂತ ಗೊತ್ತಿದ್ದರೂ ನೋಡುವಂತಿರಬೇಕು

ಈ ಸಲ ಬಂದ ಪತ್ರಗಳಲ್ಲಿ ಅರ್ಧ ಸೀರಿಯಲ್ ಮೇಲಿನ ಸಿಟ್ಟು. ಇನ್ನರ್ಧ ಥ್ರಿಲ್ಲರ್ ಸಿನಿಮಾಗಳ ಮೇಲಿನ ಗುಮಾನಿ. ಎರಡನ್ನೂ ಸೇರಿಸಿಯೇ ಉತ್ತರ ಬರೆಯುತ್ತಿದ್ದೇನೆ. ನನ್ನ ಪಾಲಿಗೆ ಎರಡೂ ಒಂದೇ ಜಗಳ.

ನಮ್ಮ ಮನೆಯಲ್ಲಿ ಸಂಜೆಯಾದರೆ ಟಿವಿ ಆರುವುದೇ ಇಲ್ಲ. ಸೀರಿಯಲ್‌ನಲ್ಲಿ ಒಂದು ಗುಟ್ಟು ಹೊರಬೀಳಲು ತಿಂಗಳುಗಟ್ಟಲೆ ಯಾಕೆ ಬೇಕು ಮೇಡಂ? ನೋಡುವವರಿಗೆಲ್ಲ ಗೊತ್ತಿರುವ ವಿಷಯ ಹೀರೋಗೆ ಮಾತ್ರ ಗೊತ್ತಾಗುವುದಿಲ್ಲವಲ್ಲ! (ಹಾಸನದ ಓದುಗರು)

ಹೀರೋಗೆ ಗೊತ್ತಾದ ದಿನ ಕಥೆ ಮುಗಿಯುತ್ತದೆ ಸ್ವಾಮಿ, ಅದಕ್ಕೇ. 'ಅಮೃತಧಾರೆ'ಯನ್ನೇ ತಗೊಳ್ಳಿ. ವಯಸ್ಸು ಮೀರಿದ ಮೇಲೆ ಮದುವೆಯಾದ ಗಂಡ ಹೆಂಡತಿ, ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್. ಇಬ್ಬರೂ ಸುಮ್ನೆ ಎದುರುಬದುರು ಕೂತು ಮಾತಾಡಿದರೂ ನೋಡಬೇಕೆನಿಸುತ್ತದೆ. ಆದರೆ ಮಲತಾಯಿ ಶಕುಂತಲಾ ಏನೇನು ಮಾಡುತ್ತಿದ್ದಾಳೆ ಅಂತ ನಮಗೆ ಮೊದಲಿನಿಂದಲೂ ಗೊತ್ತು, ಅವಳನ್ನೇ ದೇವರು ಅಂದುಕೊಂಡ ಹೀರೋ ಗೌತಮ್‌ಗೆ ಮಾತ್ರ ಎಷ್ಟು ದಿನವಾದರೂ ತಿಳಿಯಲಿಲ್ಲ. ಅಷ್ಟು ದೊಡ್ಡ ಬಿಸಿನೆಸ್ ನಡೆಸುವ ಮನುಷ್ಯ, ಮನೆಯೊಳಗೆ ಮಾತ್ರ ಏನೂ ಕಾಣದವನು!

ಬರೆಯುವವರನ್ನು ಬೈದು ಪ್ರಯೋಜನವಿಲ್ಲ. ವಾರಕ್ಕೊಮ್ಮೆ, ಗುರುವಾರ, ಎಷ್ಟು ಜನ ಏನು ನೋಡಿದರು ಅಂತ ಅಳೆಯುವ ಬಾರ್ಕ್ ಸಂಸ್ಥೆಯಿಂದ ಟಿಆರ್‌ಪಿ ಬರುತ್ತದೆ. ಯಾವ ಟ್ರ್ಯಾಕ್ ಓಡುತ್ತಿದೆಯೋ ಅದನ್ನು ಎಳೆಯಬೇಕು, ಯಾವುದು ಬಿದ್ದಿದೆಯೋ ಅದನ್ನು ಕೈಬಿಡಬೇಕು, ಜತೆಗೆ ಮಹಾಸಂಚಿಕೆಗೆ ಒಂದು ಪ್ರೋಮೋ ಆಗುವಂಥ ದೃಶ್ಯ ಹೊಂದಿಸಬೇಕು. ಕೊನೆ ಯಾವಾಗ ಅಂತಲೇ ಗೊತ್ತಿಲ್ಲದೆ ಕಥೆ ಬರೆಯುವುದು ಸುಲಭವಲ್ಲ. ಅದಕ್ಕೇ ಒಂದು ಕಪಾಳಮೋಕ್ಷವಾದರೆ ಕ್ಯಾಮೆರಾ ಹಾಲ್‌ನಲ್ಲಿ ನಿಂತ ಹತ್ತೂ ಜನರ ಮುಖಕ್ಕೆ ಹೋಗಿ ಬರುತ್ತದೆ, ಪ್ರತಿ ಮುಖಕ್ಕೂ ಒಂದು 'ಧಡ್'. ಅಷ್ಟರಲ್ಲಿ ಜಾಹೀರಾತು. ವಾಪಸ್ ಬಂದ ಮೇಲೆ ಅದೇ ಕಪಾಳಮೋಕ್ಷ ಇನ್ನೊಮ್ಮೆ. ಪೆಟ್ಟು ತಿಂದವನ ಕೈ ಇನ್ನೂ ಕೆನ್ನೆಯ ಮೇಲೇ ಇರುತ್ತದೆ.

ಆದರೆ ಸೀರಿಯಲ್ ಅಂದರೆ ಹೀಗೇ ಇರಬೇಕು ಅಂತೇನಿಲ್ಲ. 1998ರಲ್ಲಿ ಚಂದನದಲ್ಲಿ 'ಮಾಯಾಮೃಗ' ಬರುತ್ತಿತ್ತು. ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು. ಮುಂದೆ ತಮ್ಮ ಸೀರಿಯಲ್‌ಗಳಲ್ಲಿ ಸೀತಾರಾಮ್ ಅವರೇ ಸಿಎಸ್‌ಪಿ ಎಂಬ ವಕೀಲರಾಗಿ ಕರಿಕೋಟು ಹಾಕಿ ಪಾಟೀ ಸವಾಲಿಗೆ ನಿಂತರೆ ಮನೆಯವರೆಲ್ಲ ಗಪ್‌ಚುಪ್. ಕೊಲೆ ಇರಲಿ ಇಲ್ಲದಿರಲಿ, ಸಾಕ್ಷಿ ಮುಂದಿನ ಮಾತು ಏನಾಡುತ್ತಾನೆ ಅಂತ ಕಾಯುತ್ತಿದ್ದೆವು. ನನ್ನ ಪ್ರಕಾರ ಅದೇ ನಿಜವಾದ ಸಸ್ಪೆನ್ಸ್. ಕಾದರೆ ಏನೋ ಸಿಗುತ್ತದೆ ಎಂಬ ನಂಬಿಕೆ ನೋಡುವವರಿಗೆ ಇರಬೇಕು.

ಕನ್ನಡದ ಥ್ರಿಲ್ಲರ್ ಅಂದರೆ ಮಳೆ, ಮಲೆನಾಡು, ಹಳೇ ಜೀಪು, ಒಂದು ಹೆಣ. ಇದರಾಚೆಗೆ ಏನೂ ಇಲ್ಲವೇ? (ದಾವಣಗೆರೆಯ ಓದುಗರು)

ನಕ್ಕುಬಿಟ್ಟೆ. 2015ರಲ್ಲಿ 'ರಂಗಿತರಂಗ' ಗೆದ್ದ ಮೇಲೆ ಮಳೆಗೆ ಬೇಡಿಕೆ ಜಾಸ್ತಿಯಾಗಿದೆ, ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 'ಶಾಖಾಹಾರಿ' (2024) ನೋಡಿದ್ದೀರಾ? ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲು, ಅದರ ಅಡುಗೆ ಭಟ್ಟ ಸುಬ್ಬಣ್ಣ, ಅವನ ಮನೆಗೆ ಬಂದು ಅಡಗುವ ಗಾಯಗೊಂಡ ಆರೋಪಿ. ಏನಾಗುತ್ತಿದೆ ಅಂತ ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ಸೀರಿಯಲ್‌ನ ಉಪಾಯವೇ ಇದು, ಅಲ್ವಾ? ಆದರೆ ಇಲ್ಲಿ ಸುಬ್ಬಣ್ಣ ಒಲೆ ಮುಂದೆ ನಿಂತರೆ ಸಾಕು, ನಮ್ಮ ಎದೆ ಹೊಡೆದುಕೊಳ್ಳುತ್ತದೆ. ರಂಗಾಯಣ ರಘು ಅಷ್ಟು ಕಡಿಮೆ ಮಾತಾಡಿ ಅಷ್ಟು ಹೆದರಿಸಬಲ್ಲರು ಅಂತ ನಾನು ಎಣಿಸಿರಲಿಲ್ಲ. ಗೋಪಾಲಕೃಷ್ಣ ದೇಶಪಾಂಡೆ ಅವರ ದಣಿದ ಇನ್‌ಸ್ಪೆಕ್ಟರ್ ಕೂಡ ಮನಸ್ಸಿನಲ್ಲಿ ಉಳಿಯುತ್ತಾನೆ. ಮರುವರ್ಷ 'ಅಜ್ಞಾತವಾಸಿ'ಯಲ್ಲಿ ರಘು ಅವರೇ ಪೊಲೀಸ್ ಅಧಿಕಾರಿ. ಅಲ್ಲೂ ಮಲೆನಾಡೇ. ನಿಧಾನ ಅಂತ ಬೈದವರಿದ್ದಾರೆ, ನನಗೆ ಆ ನಿಧಾನವೇ ಹಿಡಿಸಿತು.

ಮಳೆಯಿಲ್ಲದ್ದೇ ಬೇಕೆಂದರೆ ಬೆಂಗಳೂರಿಗೆ ಬನ್ನಿ. 'ಯು ಟರ್ನ್' (2016) ಡಬಲ್ ರೋಡ್ ಫ್ಲೈಓವರ್ ಮೇಲೆ ನಡೆಯುವ ಕಥೆ. ಸುತ್ತು ಹಾಕುವ ತಾಪತ್ರಯ ಬೇಡ ಅಂತ ಬೈಕಿನವರು ಡಿವೈಡರ್‌ನ ಕಲ್ಲು ಸರಿಸಿ ತಿರುಗಿಸಿಕೊಳ್ಳುತ್ತಾರೆ, ಕಲ್ಲನ್ನು ಅಲ್ಲೇ ರಸ್ತೆ ಮಧ್ಯೆ ಬಿಟ್ಟು ಹೋಗುತ್ತಾರೆ. ಅಷ್ಟೇ ಸಾಕಾಯಿತು ನಿರ್ದೇಶಕ ಪವನ್ ಕುಮಾರ್ ಅವರಿಗೆ. ದಿನಾ ಕಾಣುವ ಒಂದು ಕಲ್ಲು. 'ಆಕ್ಟ್ 1978' (2020) ಇನ್ನೂ ಹತ್ತಿರದ್ದು: ಫೈಲಿಗಾಗಿ ಅಲೆದು ಬೇಸತ್ತ ತುಂಬು ಗರ್ಭಿಣಿ, ಸರ್ಕಾರಿ ಕಚೇರಿಯವರನ್ನೇ ಒತ್ತೆಯಾಳು ಮಾಡಿಕೊಳ್ಳುತ್ತಾಳೆ. 'ನಾಳೆ ಬನ್ನಿ' ಅನ್ನಿಸಿಕೊಂಡವರಿಗೆ ಅದು ಥ್ರಿಲ್ಲರ್ ಅನ್ನಿಸುವುದಕ್ಕಿಂತ ಸೇಡು ಅನ್ನಿಸುತ್ತದೆ.

ನನಗೆ ಆಗದ್ದು ಒಂದೇ. ಕೊನೆಯ ಹತ್ತು ನಿಮಿಷ ಪೊಲೀಸಪ್ಪ ನಿಂತುಕೊಂಡು ನಾವು ನೋಡಿಯೇ ಇರದ ಫ್ಲ್ಯಾಶ್‌ಬ್ಯಾಕ್ ಹೇಳಿ, ಸಿನಿಮಾದಲ್ಲಿ ಎರಡು ಸಲವೂ ಕಾಣಿಸದ ಯಾರನ್ನೋ ಕೊಲೆಗಾರ ಅಂತ ತೋರಿಸುವುದು. ಅದು ಸಸ್ಪೆನ್ಸ್ ಅಲ್ಲ, ಟೋಪಿ.

ಮಗ ಸಿನಿಮಾ ಶುರುವಾಗುತ್ತಲೇ ಮೊಬೈಲ್‌ನಲ್ಲಿ ಕೊನೆ ಏನು ಅಂತ ಹುಡುಕಿ ಜೋರಾಗಿ ಹೇಳಿಬಿಡುತ್ತಾನೆ. ಏನು ಮಾಡಲಿ? (ಬೆಂಗಳೂರಿನ ತಾಯಿ)

ಮೊಬೈಲ್ ಕಿತ್ತಿಡಿ, ಅಮ್ಮ. ಆದರೂ ಒಂದು ಮಾತು: ಕೊನೆ ಗೊತ್ತಾದ ಕೂಡಲೇ ಎದ್ದು ಹೋಗಬೇಕೆನಿಸಿದರೆ ಆ ಸಿನಿಮಾದಲ್ಲಿ ಕೊನೆ ಬಿಟ್ಟು ಬೇರೇನೂ ಇರಲಿಲ್ಲ ಅಂತ ಅರ್ಥ. ಚೆನ್ನಾಗಿರುವುದನ್ನು ಎರಡನೇ ಸಲ ನೋಡಿದಾಗ ಇನ್ನೂ ಜಾಸ್ತಿ ಸಿಗುತ್ತದೆ.

ಬೇರೆ ಭಾಷೆಯಲ್ಲಿ ಅಷ್ಟೊಂದು ವೆಬ್ ಸರಣಿ ಬರುತ್ತವೆ. ನಮ್ಮವು ಎಲ್ಲಿ? (ಪುಣೆಯ ಕನ್ನಡಿಗರು)

ತಡವಾಗಿಯಾದರೂ ಬರುತ್ತಿವೆ. ಕರಾವಳಿಯ ಏಳು ಕಥೆಗಳ 'ಏಕಂ' ಅನ್ನು ಯಾವ ದೊಡ್ಡ ಒಟಿಟಿಯೂ ಕೊಳ್ಳಲಿಲ್ಲ. 2024ರಲ್ಲಿ ರಕ್ಷಿತ್ ಶೆಟ್ಟಿ ಮತ್ತು ತಂಡ ತಮ್ಮದೇ ವೆಬ್‌ಸೈಟ್‌ನಲ್ಲಿ ಬಿಟ್ಟರು. ಮರುವರ್ಷ ಜೀ5ನಲ್ಲಿ 'ಅಯ್ಯನ ಮನೆ' ಬಂತು, ಆಮೇಲೆ 'ಶೋಧ', 'ಮಾರಿಗಲ್ಲು'. 'ಅಯ್ಯನ ಮನೆ' ನೋಡಿ, ನಿಮ್ಮ ಮನೆಯ ಸೀರಿಯಲ್‌ಪ್ರಿಯರಿಗೂ ತೋರಿಸಿ. ಹೊಸ ಸೊಸೆ, ದೊಡ್ಡ ಮನೆ, ಮನೆದೇವರು, ಅತ್ತೆ, ಹಿಂದಿನ ಸೊಸೆಯರ ಸಾವು. ಸಾಮಾನೆಲ್ಲ ಸೀರಿಯಲ್‌ನದೇ. ನಿರ್ದೇಶಕ ರಮೇಶ್ ಇಂದಿರಾ ಕೂಡ ಸೀರಿಯಲ್ ಮಾಡಿ ಪಳಗಿದವರೇ. ಕೆಲವು ಕಡೆ ಹಿನ್ನೆಲೆ ಸಂಗೀತ ವಿಪರೀತವಾಯಿತು. ಆದರೆ ಕಥೆಗೆ ಒಂದು ಕೊನೆ ಇದೆ, ಅದು ಬರೆದವರಿಗೆ ಮೊದಲೇ ಗೊತ್ತು. ಅಷ್ಟಕ್ಕೇ ಅದೇ ಅತ್ತೆ-ಸೊಸೆ ಬೇರೆ ಥರ ಕಾಣುತ್ತಾರೆ.

ಸೀರಿಯಲ್ ಸೊಸೆ ಅಂದರೆ ಅಳಲೇಬೇಕಾ? (ಮೈಸೂರಿನ ಓದುಗರು)

'ಭಾಗ್ಯಲಕ್ಷ್ಮಿ'ಯಲ್ಲಿ ಭಾಗ್ಯ ಎಸ್ಸೆಸ್ಸೆಲ್ಸಿ ಪಾಸು ಮಾಡಲು ಮಗಳ ಶಾಲೆಗೇ ಹೋಗಿ ಕೂತಳು, ಬೆನ್ನಿಗೆ ಅತ್ತೆ ಕುಸುಮಾ ನಿಂತಳು. ಆ ದಿನಗಳಲ್ಲಿ ನಾನು ಒಂದು ಸಂಚಿಕೆಯನ್ನೂ ಬಿಡಲಿಲ್ಲ. ಅತ್ತೆ ಸೊಸೆಯ ಪರವಾದರೆ ಕಥೆ ಎಷ್ಟು ಕಡೆ ಹೋಗಬಹುದು ನೋಡಿ! ಗಂಡ ತಾಂಡವ್‌ನ ರಂಪಾಟ ಅತಿಯಾದ ಮೇಲೆ ನನ್ನ ಕೈ ತಾನಾಗಿ ರಿಮೋಟ್ ಹುಡುಕಿತು, ಅದು ಬೇರೆ ಮಾತು.

ಅಪ್ಪ ಅಮ್ಮನ ಜತೆ ಕೂತು ನೋಡಲು, ರಕ್ತ ಜಾಸ್ತಿ ಇಲ್ಲದ ಥ್ರಿಲ್ಲರ್ ಹೇಳಿ. (ಉಡುಪಿಯ ಓದುಗರು)

ನಗಬೇಕೆಂದರೆ 'ಬೆಲ್ ಬಾಟಂ', ಎಂಬತ್ತರ ದಶಕದ ಪತ್ತೇದಾರ ದಿವಾಕರನ ಕಥೆ. ತಲೆಗೆ ಕೆಲಸ ಬೇಕೆಂದರೆ 'ಕವಲುದಾರಿ'. ಮೆಟ್ರೋ ಕೆಲಸಕ್ಕೆ ಅಗೆಯುವಾಗ ಅಸ್ಥಿಪಂಜರಗಳು ಸಿಗುತ್ತವೆ, ಟ್ರಾಫಿಕ್ ಪೊಲೀಸೊಬ್ಬ ತನಗೆ ಸಂಬಂಧವಿಲ್ಲದ ಆ ಕೇಸಿನ ಬೆನ್ನು ಹತ್ತುತ್ತಾನೆ. ಎರಡೂ 2019ರವು. ಅಪ್ಪನಿಗೆ ಅನಂತ್ ನಾಗ್ ಇಷ್ಟವಾದರೆ ಎರಡನೆಯದನ್ನೇ ಮೊದಲು ಹಾಕಿ, ಆದರೆ ಊಟ ಮುಗಿಸಿಯೇ ಕೂತುಕೊಳ್ಳಿ. ಮಧ್ಯೆ ಎದ್ದು ಹೋದರೆ ಎಳೆ ತಪ್ಪುತ್ತದೆ.