ಬಾಡಿಗೆಗೆ ಬಿಡಲು 40 ಲಕ್ಷದ ಫ್ಲ್ಯಾಟ್: ಕೈಯಲ್ಲಿ 8 ಲಕ್ಷ ಇದ್ದರೆ ಸಾಕಾ?

ಸಾಕಾಗೋದಿಲ್ಲ ಸರ್. ಧಾರವಾಡದ ಸಪ್ತಾಪುರದಲ್ಲಿ 40 ಲಕ್ಷದ ಹಳೇ ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಡಬೇಕು, ಕೈಯಲ್ಲಿ 8 ಲಕ್ಷ ಇದೆ, ಕಡಿಮೆ ಬಿದ್ದರೆ ಪರ್ಸನಲ್ ಲೋನ್ ಮಾಡಲಾ ಅಂತ ಕೇಳಿದ್ದೀರಿ. ನಾನೂ ಅದೇ ಕಡೆ ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇನೆ, ಲೆಕ್ಕ ಬಿಡಿಸಿ ಹೇಳುತ್ತೇನೆ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಬೆಲೆಯ ಶೇ. 90, ಅದರ ಮೇಲೆ 75 ಲಕ್ಷದವರೆಗೆ ಶೇ. 80 ತನಕ ಕೊಡಬಹುದು. ಕೊಡಲೇಬೇಕು ಅಂತೇನಿಲ್ಲ. ನಿಮಗೆ ಜಾಸ್ತಿ ಅಂದರೆ 32 ಲಕ್ಷ. ಉಳಿದದ್ದು ನಿಮ್ಮ 8 ಲಕ್ಷ, ಅಲ್ಲಿಗೆ ಸರಿ. ಆದರೆ ರಿಜಿಸ್ಟ್ರೇಷನ್ ಖರ್ಚು ಈ ಲೆಕ್ಕಕ್ಕೆ ಬರೋದಿಲ್ಲ. ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ. 1ರಿಂದ 2 ಆಯಿತು. ಒಟ್ಟು 3,04,000 ರೂಪಾಯಿ. ವಕೀಲರ ಫೀ, ಬ್ಯಾಂಕಿನ ಫೀ, ಬಣ್ಣ-ರಿಪೇರಿ ಬೇರೆ. 12 ಲಕ್ಷ ಇಲ್ಲದೆ ಇಳಿಯಬೇಡಿ.

ಇನ್ನು ಏಜೆಂಟ್ ಒಂದು ಮಾತು ಹೇಳೇ ಹೇಳುತ್ತಾನೆ: "ಖರೀದಿ ಪತ್ರದಾಗ 30 ತೋರಸೋಣ್ರಿ, 10 ಕ್ಯಾಶ್ ಕೊಡ್ರಿ, ನಿಮಗೂ ಖರ್ಚು ಉಳಿತೈತಿ." ಉಳಿಯೋದು 76,000. ಆದರೆ ಬ್ಯಾಂಕ್ ನೋಡೋದು ಕಾಗದದ ಮೇಲಿನ 30 ಲಕ್ಷ. ಪೂರ್ತಿ ಶೇ. 90 ಕೊಟ್ಟರೂ ಸಾಲ 27 ಲಕ್ಷಕ್ಕೇ ನಿಲ್ಲುತ್ತದೆ. ನೀವು 8ರ ಬದಲು 13 ಹೊಂದಿಸಬೇಕು! ಮುಂದೆ ಮಾರುವಾಗ ನಿಮ್ಮ ಖರೀದಿ ಬೆಲೆ 30 ಅಂತಲೇ ಹಿಡಿದು ಲಾಭದ ಮೇಲೆ ತೆರಿಗೆ ಹಾಕುತ್ತಾರೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಜಾಸ್ತಿ ನಗದು ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವೂ ಇದೆ. ಆ ಮಾತು ಬಂದರೆ ಎದ್ದು ಬನ್ನಿ.

ಪರ್ಸನಲ್ ಲೋನ್ ಬೇಡವೇ ಬೇಡ. 32 ಲಕ್ಷಕ್ಕೆ ಶೇ. 8.5 ಬಡ್ಡಿ, 20 ವರ್ಷ ಹಿಡಿದರೆ ಕಂತು ಸುಮಾರು 27,770. ಬಾಡಿಗೆ 12,000 ಬಂತು ಅಂದುಕೊಂಡರೂ ತಿಂಗಳಿಗೆ 15,770 ಸಂಬಳದಿಂದಲೇ ಹೋಗಬೇಕು. ಅದರ ಮೇಲೆ ಇನ್ನೊಂದು ದುಬಾರಿ ಕಂತು ಕಂಡರೆ ಬ್ಯಾಂಕೇ ನಿಮ್ಮ ಗೃಹಸಾಲ ಕಡಿಮೆ ಮಾಡುತ್ತದೆ. ಸಪ್ತಾಪುರದಲ್ಲಿ ಬಾಡಿಗೆಗೆ ಬರೋರು ಬಹಳಷ್ಟು ಕೋಚಿಂಗ್ ಹುಡುಗರು. ಪರೀಕ್ಷೆ ಮುಗಿದರೆ ಊರಿಗೆ ಹೋಗುತ್ತಾರೆ, ಮೇಂಟೆನೆನ್ಸ್ ಮಾತ್ರ ನಿಲ್ಲೋದಿಲ್ಲ. ಇನ್ನು ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ಬಾಡಿಗೆ ಮೀರಿದ ಬಡ್ಡಿಯನ್ನು ಸಂಬಳದಿಂದ ಕಳೆಯೋಕೆ ಬರೋದಿಲ್ಲ.

ನನ್ನ ಕೇಳಿದರೆ 25 ಲಕ್ಷದ ಸಣ್ಣ ಫ್ಲ್ಯಾಟ್ ಹುಡುಕಿ. ಶೇ. 80 ಸಾಲ ಸಿಕ್ಕರೂ ಕೈಯಿಂದ 5 ಲಕ್ಷ, ನೋಂದಣಿಗೆ 1.9 ಲಕ್ಷ, ನಿಮ್ಮ 8ರಲ್ಲೇ ಮುಗಿಯುತ್ತದೆ. ಸ್ವಲ್ಪ ಕಡಿಮೆ ಬಿದ್ದರೆ ಮನೆಯ ಬಂಗಾರದ ಮೇಲೆ ಸಾಲ ತಗೊಳ್ಳಿ, ಬೇಗ ತೀರಿಸಬಹುದು.

ಸಂಚಕಾರ (ಮುಂಗಡ ಹಣ) ಕೊಡುವ ಮೊದಲು ಸಿಟಿಎಸ್ ಉತಾರ (ಸಿಟಿ ಸರ್ವೆ ಕಚೇರಿಯ ಆಸ್ತಿ ದಾಖಲೆ), ಇ-ಖಾತಾ, ಇಸಿ (ಋಣಭಾರ ಪ್ರಮಾಣಪತ್ರ) ಮೂರನ್ನೂ ವಕೀಲರಿಗೆ ತೋರಿಸಿ. ಉತಾರದಲ್ಲಿ ಯಾವುದೋ ಸೊಸೈಟಿಯ ಹಳೇ ಬೋಜಾ (ಸಾಲದ ನಮೂದು) ಉಳಿದಿದ್ದರೆ ತೆಗೆಸಿಕೊಡೋದು ಮಾರುವವರ ಕೆಲಸ. ಕರಾರಿನಲ್ಲಿ "ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಸಂಚಕಾರ ಪೂರ್ತಿ ವಾಪಸ್" ಅಂತ ಬರೆಸಿ. ಇದಕ್ಕೆ ಒಪ್ಪದಿದ್ದರೆ ಬೇರೆ ಫ್ಲ್ಯಾಟ್ ನೋಡಿ.